ಖಾಲಿ ಊರಿನ ಚೌಪದ

ಅಡವಯ್ಯ ಮೇಷ್ಟ್ರು ಕೊರಟಗೆರೆ ಕಡೆಯವರು. ನಿಡುಗಲ್ ಬೆಟ್ಟದ ಬುಡದಲ್ಲಿರುವ ಜಾಲಿಗುಂಟೆಗೆ ಸರ್ಕಾರ ಒಂದು ಪ್ರೈಮರಿ ಶಾಲೆ ಮಂಜೂರು ಮಾಡಿದಾಗ, ಪಾವಗಡದಿಂದ ನಡೆದುಕೊಂಡೇ ಬಂದರು. ಹೆಗಲ ಮೇಲೊಂದು ಹಾಸಿಗೆಸುರುಳಿ, ಕೈಯಲ್ಲೊಂದು ತಗಡಿನ ಪೆಟ್ಟಿಗೆ. ಬೇರೆ ಸರ್ಕಾರಿ ನೌಕರರಂತೆ ಇವರೂ ಎರಡು ವರ್ಷದಲ್ಲಿ ವರ್ಗ ಮಾಡಿಸಿಕೊಂಡು ಜಾಗ ಖಾಲಿ ಮಾಡುತ್ತಾರೆಂದು ಊರವರು ಅಂದುಕೊಂಡಿದ್ದರು. ಅವರು ಹೋಗಲಿಲ್ಲ. ಹೆಂಡತಿ ಮೊದಲ ಬಾಣಂತನದಲ್ಲೇ ತೀರಿಕೊಂಡಿದ್ದರಿಂದ ಹಿಂದಿರುಗಿ ಹೋಗಲು ಮನೆಯೆನ್ನುವಂಥದ್ದು ಉಳಿದಿರಲಿಲ್ಲ. ಬಿಸಿಲು, ಜಾಲಿಮುಳ್ಳು, ಅರ್ಧ ತೆಲುಗು ಬೆರೆತ ಜಗಳಗಳು, ಎಲ್ಲಕ್ಕೂ ಒಗ್ಗಿಕೊಂಡು ಅಲ್ಲಿಯೇ ಬೇರು ಬಿಟ್ಟರು.

ಶಾಲೆ ನಡೆಯುತ್ತಿದ್ದುದು ಹನುಮಂತರಾಯನ ಗುಡಿಯ ಪಡಸಾಲೆಯಲ್ಲಿ. ಹತ್ತೊಂಬತ್ತು ಮಕ್ಕಳು, ಅವರಲ್ಲಿ ಮೂವರು ಹೆಣ್ಣುಮಕ್ಕಳು. ನೆಲಕ್ಕೆ ಹಳ್ಳದ ಮರಳು ಹರಡಿ ಅದರ ಮೇಲೆ ಅಕ್ಷರ ತಿದ್ದಿಸುವುದು. ಶನಿವಾರಕ್ಕೊಬ್ಬರಂತೆ ಸಗಣಿ ತಂದು ಸಾರಿಸುವುದು. ಇನ್‌ಸ್ಪೆಕ್ಟರು ಬರುವ ವಾರ ಮಾತ್ರ ಎಲ್ಲರ ತಲೆಗೂ ಎಣ್ಣೆ. ಇಷ್ಟರಲ್ಲೇ ವರ್ಷ ಉರುಳುತ್ತಿತ್ತು. ಆದರೆ ಮಹಾನವಮಿ ಬಂತೆಂದರೆ ಅಡವಯ್ಯನವರು ಬೇರೆ ಮನುಷ್ಯರೇ ಆಗಿಬಿಡುತ್ತಿದ್ದರು. ಹದಿನೈದು ದಿನ ಮೊದಲೇ ಪಾಠ ಮೂಲೆಗೆ ಹೋಗಿ ಚೌಪದದ ತಾಲೀಮು ಶುರುವಾಗುತ್ತಿತ್ತು. ಮಕ್ಕಳು ಜೋಡಿ ಜೋಡಿಯಾಗಿ ನಿಂತು, ಬಣ್ಣದ ಕೋಲು ಹಾಕುತ್ತಾ, ಮನೆಮನೆಯ ಬಾಗಿಲಲ್ಲೂ ಆ ಮನೆಯ ಯಜಮಾನನ ಹೆಸರು ಹಿಡಿದು ಹರಸಿ ಹಾಡಬೇಕು. ಒಳಗಿನಿಂದ ಮನೆಯಾಕೆ ‘ಬಂದೆ ಕಣ್ರಪ್ಪ, ತಡೀರಿ’ ಎಂದು ಓಗೊಡಬೇಕು. ಆಮೇಲೆ ಮೊರದಲ್ಲಿ ರಾಗಿ, ಮೇಲೊಂದು ಅಚ್ಚು ಬೆಲ್ಲ ಇಟ್ಟುಕೊಂಡು ಹೊಸ್ತಿಲಿಗೆ ಬರಬೇಕು. ಊರಿನ ನಲವತ್ತೊಂದು ಮನೆಗಳಲ್ಲಿ ಒಂದನ್ನೂ ಬಿಡುವಂತಿಲ್ಲ. ಬಿಟ್ಟರೆ ಆ ಮನೆ ಮುಗಿಯಿತೆಂದು ಅರ್ಥ. ಒಮ್ಮೆ ಊರಂಚಿನ ಹಳೆಯ ಕೋಟೆಗೋಡೆಯ ಮಗ್ಗುಲಲ್ಲಿದ್ದ ಮುದುಕಿಯೊಬ್ಬಳ ಗುಡಿಸಲು ಮರೆತುಹೋಗಿ, ಆಕೆ ಸಂಜೆಯತನಕ ಎದೆ ಬಡಿದುಕೊಂಡು ಅತ್ತಿದ್ದಳು. ಮೇಷ್ಟ್ರು ಮಕ್ಕಳನ್ನು ಮತ್ತೆ ಕರೆದುಕೊಂಡು ಹೋಗಿ ಹಾಡಿಸಿದ ಮೇಲೇ ಆಕೆ ಒಲೆ ಹಚ್ಚಿದ್ದು.

ಆ ಸೀಮೆಯಲ್ಲಿ ಇನ್ನೊಂದು ಕಟ್ಟಳೆಯಿತ್ತು. ಯಾರಾದರೂ ಮರೆಯಿಂದ ಕೂಗಿದರೆ ಮೊದಲ ಕೂಗಿಗೆ ಓಗೊಡಬಾರದು, ಎರಡನೆಯದಕ್ಕೂ ಓಗೊಡಬಾರದು. ಸತ್ತವರಿಗೆ ಮೂರು ಸಲ ಕೂಗುವ ಶಕ್ತಿಯಿಲ್ಲ. ಮೂರನೆಯ ಕೂಗು ಕೇಳಿದರೆ ಕೂಗಿದ್ದು ಮನುಷ್ಯರೇ. ಕೊರಟಗೆರೆಯಿಂದ ಬಂದ ಹೊಸತರಲ್ಲಿ ಅಡವಯ್ಯನವರು ಇದನ್ನು ಕೇಳಿ ನಗುತ್ತಿದ್ದರು. ಓದು ಬಲ್ಲವರ ನಗು ಎಷ್ಟು ದಿನದ್ದು? ಹನ್ನೆರಡು ವರ್ಷ ಕಳೆಯುವಷ್ಟರಲ್ಲಿ ಅವರೂ ಕೂಗು ಎಣಿಸುವವರಾಗಿದ್ದರು.

ಮಹಾಯುದ್ಧ ಮುಗಿದ ಮರುವರ್ಷ, ಭಾದ್ರಪದದ ಕೊನೆಯಲ್ಲಿ, ಊರಲ್ಲಿ ಇಲಿ ಬಿದ್ದವು. ಮೊದಲು ಗೌಡ ಬೊಮ್ಮಪ್ಪನ ಕಣಜದಲ್ಲಿ, ಆಮೇಲೆ ಗುಡಿಯ ಪಡಸಾಲೆಯಲ್ಲಿ, ಮಕ್ಕಳು ಅಕ್ಷರ ತಿದ್ದುವ ಮರಳಿನ ಮೇಲೇ ಒಂದು. ಪ್ಲೇಗೆಂದರೆ ಏನೆಂದು ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಎರಡು ದಿನದಲ್ಲಿ ಊರಿಗೆ ಊರೇ ಗಂಟುಮೂಟೆ ಕಟ್ಟಿ, ಬಾಗಿಲುಗಳಿಗೆ ಜಾಲಿಮುಳ್ಳು ಬಡಿದು, ಅರ್ಧ ಹರದಾರಿ ಆಚೆಯ ಹೊಲಗಳಲ್ಲಿ ಗುಡ್ಲು ಹಾಕಿಕೊಂಡಿತು. ಪಾವಗಡದ ಆಸ್ಪತ್ರೆಯಿಂದ ಬಂದ ಡ್ರೆಸ್ಸರು ಎಲ್ಲರ ತೋಳಿಗೂ ಸೂಜಿ ಚುಚ್ಚಿ, ತಾನು ಹೇಳುವತನಕ ಯಾರೂ ಊರೊಳಗೆ ಕಾಲಿಡಬಾರದೆಂದು ಎಚ್ಚರಿಸಿ ಹೋದ. ಹೊಂಗೆಮರದ ಕೆಳಗೆ ಶಾಲೆ ಮತ್ತೆ ಶುರುವಾದಾಗ ಹದಿನಾಲ್ಕು ಮಕ್ಕಳು ಉಳಿದಿದ್ದರು. ಇಬ್ಬರು ತೀರಿಕೊಂಡಿದ್ದರು. ಮೂವರನ್ನು ಶಿರಾ ಕಡೆಯ ನೆಂಟರ ಮನೆಗೆ ಕಳಿಸಿದ್ದರು.

ಉಳಿದವರಲ್ಲಿ ಓಬಳಯ್ಯನ ಮಗಳು ಹೊನ್ನಿಯೂ ಒಬ್ಬಳು. ಏಳು ವರ್ಷದವಳು, ತಾಲೀಮಿನಲ್ಲಿ ಎಲ್ಲರಿಗಿಂತ ಗಟ್ಟಿ ಗಂಟಲು. ಅವಳ ತಾಯಿ ಚಿಕ್ಕಕ್ಕನಿಗೆ ಊರು ಬಿಡುವ ಹಿಂದಿನ ದಿನವೇ ಗಡ್ಡೆ ಎದ್ದು ಜ್ವರ ಏರಿತ್ತು. ಹೊರಡುವ ದಿನ ಬೆಳಗಿನ ಜಾವ ಪ್ರಾಣ ಹೋಯಿತೆಂದೂ, ಹಿತ್ತಿಲಾಚೆಯೇ ಮಣ್ಣು ಮಾಡಿ ಬಂದೆವೆಂದೂ ಓಬಳಯ್ಯ ಹೇಳಿದ. ಅಂಥ ದಿನಗಳಲ್ಲಿ ಯಾರು ಯಾರ ಗುಂಡಿ ನೋಡಲು ಹೋಗುತ್ತಾರೆ? ಹೊನ್ನಿ ಅತ್ತಳು, ಸುಮ್ಮನಾದಳು, ಕೋಲು ಹಿಡಿದು ತಾಲೀಮಿಗೆ ಬಂದಳು.

ಚೌಪದ ಎಲ್ಲಿ ಹಾಡುವುದೆಂಬ ಮಾತು ಬಂದಾಗ, ಗುಡ್ಲುಗಳ ಮುಂದೆಯೇ ಹಾಡಿಸಿಬಿಡುವುದೆಂದು ಮೇಷ್ಟ್ರು ಅಂದುಕೊಂಡಿದ್ದರು. ಬೊಮ್ಮಪ್ಪ ಒಪ್ಪಲಿಲ್ಲ.

“ಗುಡ್ಲಿಗೆ ಯಾವ ಹೊಸ್ಲು ಐತೆ ಅಯ್ನೋರೇ?” ಎಂದ. “ಹೊಸ್ಲಿಲ್ದ ಕಡೆ ಹಾಡಿದ್ರೆ ಅದು ಯಾರ್ ಮನೆಗೂ ತಾಕಾಕಿಲ್ಲ. ಈ ವರ್ಸವೇ ಬಿಟ್ಬುಟ್ರೆ ನಲವತ್ತೊಂದು ಮನೇನೂ ಮುಗುದಂಗೆ ಅಲ್ವಾ?”

ಸುತ್ತ ಕುಳಿತಿದ್ದ ಹೆಂಗಸರು ಮೇಷ್ಟರ ಮುಖವನ್ನೇ ನೋಡುತ್ತಿದ್ದರು. ಹಾಡಹಗಲಲ್ಲಿ ಹೋಗುವುದು, ಯಾರ ಬಾಗಿಲನ್ನೂ ಮುಟ್ಟದೆ ಹೊಸ್ತಿಲ ಮುಂದೆ ಹಾಡಿ ಬರುವುದು, ಬಂದ ಮೇಲೆ ಮಕ್ಕಳಿಗೆ ಬೇವಿನ ನೀರು ಹೊಯ್ಯುವುದು ಎಂದು ತೀರ್ಮಾನವಾಯಿತು. ಅಡವಯ್ಯನವರು ಖಂಡಿತ ಬೇಡವೆನ್ನಬೇಕಿತ್ತು. ಡ್ರೆಸ್ಸರ ಮಾತನ್ನು ಅವರೇ ಊರಿಗೆಲ್ಲ ಬಿಡಿಸಿ ಹೇಳಿದ್ದರು. ಅನ್ನಲಿಲ್ಲ. ತಮ್ಮ ಚೌಪದ ಒಂದು ವರ್ಷವೂ ತಪ್ಪಬಾರದೆಂಬ ಆಸೆ ಊರವರಿಗಿಂತ ಅವರಿಗೇ ಹೆಚ್ಚಾಗಿತ್ತು.

ಊರು ಬಿಟ್ಟ ಏಳನೆಯ ದಿನ, ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ, ಹದಿನಾಲ್ಕು ಮಕ್ಕಳನ್ನು ಕರೆದುಕೊಂಡು ಮೇಷ್ಟ್ರು ಊರಬಾಗಿಲು ದಾಟಿದರು.

ಏಳೇ ದಿನದಲ್ಲಿ ಒಂದು ಊರು ಅಷ್ಟು ಹಳೆಯದಾಗಬಲ್ಲದೆಂದು ಅವರಿಗೆ ಗೊತ್ತಿರಲಿಲ್ಲ. ಅಂಗಳದ ರಂಗೋಲಿ ಅರ್ಧ ಅಳಿಸಿ ಉಳಿದಿತ್ತು. ಒಂದು ಕಾಗೆಯಿಲ್ಲ, ಕೋಳಿಯಿಲ್ಲ, ಹೊಗೆಯ ವಾಸನೆಯಿಲ್ಲ. ಮುಳ್ಳು ಬಡಿದ ಬಾಗಿಲುಗಳ ಮುಂದೆ ನಿಂತು ಮಕ್ಕಳು ಹಾಡಿದರೆ ಹಾಡು ಒಳಗೆ ಹೋಗಿ, ಸ್ವಲ್ಪ ತಡೆದು, ಬೇರೆ ಯಾರದೋ ದನಿಯಾಗಿ ಹಿಂದಕ್ಕೆ ಬರುತ್ತಿತ್ತು. ಎಲ್ಲ ಮನೆಯ ಮುಂದೆಯೂ ಓಗೊಡುವ ಜಾಗಕ್ಕೆ ಬಂದಾಗ ಮಕ್ಕಳು ಅಭ್ಯಾಸಬಲದಿಂದ ಹಾಡು ನಿಲ್ಲಿಸಿ ಕಾಯುತ್ತಿದ್ದರು. ಆ ಮೌನವನ್ನು ಮೇಷ್ಟರಿಗೆ ತಡೆಯಲಾಗುತ್ತಿರಲಿಲ್ಲ. ಕೋಲಿನಿಂದ ನೆಲ ಕುಟ್ಟಿ ಮುಂದಿನ ಮನೆಗೆ ದಾಟಿಸುತ್ತಿದ್ದರು. ಇಪ್ಪತ್ತನೆಯ ಮನೆ ದಾಟುವಷ್ಟರಲ್ಲಿ ತಮ್ಮ ಕೋಲುಗಳ ಜೊತೆಗೆ ಇನ್ನೊಂದು ಜೋಡಿ ಕೋಲಿನ ಸದ್ದೂ ಕೇಳಿಸುತ್ತಿದೆಯೆಂದು ಮಕ್ಕಳು ಪಿಸುಗುಟ್ಟತೊಡಗಿದರು. ಮೇಷ್ಟ್ರು ಗದರಿಸಿದರು. ಸದ್ದು ಅವರಿಗೂ ಕೇಳಿಸಿತ್ತು.

ಓಬಳಯ್ಯನ ಮನೆ ಕೊನೆಯದು, ಕೋಟೆಯ ಕಂದಕದ ಅಂಚಿನಲ್ಲಿ ಒಂಟಿಯಾಗಿತ್ತು. ಹೊರಗಿನಿಂದ ಚಿಲಕ ಹಾಕಿ ಅದರ ಮೇಲೆ ಎರಡು ಹೊರೆ ಮುಳ್ಳು ಒಟ್ಟಿದ್ದರು. ಹೊನ್ನಿ ಎಲ್ಲರಿಗಿಂತ ಮುಂದೆ ಹೋಗಿ ನಿಂತಳು. ಓಬಳಯ್ಯನ ಮನೆ ತುಂಬಿರಲಿ, ಕಣಜ ತುಂಬಿರಲಿ ಎಂದು ಮಕ್ಕಳು ಹಾಡಿ ನಿಲ್ಲಿಸಿದರು.

“ಬಂದೆ ಕಣ್ರಪ್ಪ, ತಡೀರಿ.”

ಒಳಗಿನಿಂದಲೇ ಬಂತು. ಹೆಣ್ಣುದನಿ, ನೀರಿಲ್ಲದೆ ಒಣಗಿದ ದನಿ. ಹಿಂದೆಯೇ ಏನನ್ನೋ ನೆಲದ ಮೇಲೆ ಎಳೆದ ಸದ್ದು, ಮೊರಕ್ಕೆ ರಾಗಿ ಸುರಿದ ಸದ್ದು.

ಒಂದು ಮಗುವೂ ಕದಲಲಿಲ್ಲ. ಸತ್ತವಳೆಂದು ಊರೇ ನಂಬಿದ್ದ ಚಿಕ್ಕಕ್ಕ, ಪ್ರತಿ ವರ್ಷವೂ ಓಗೊಡುತ್ತಿದ್ದ ಅದೇ ಮಾತಿನಲ್ಲಿ ಓಗೊಟ್ಟಿದ್ದಳು. ಅಡವಯ್ಯನವರು ಒಂದು ಎಂದು ಎಣಿಸಿದರು. “ನಮ್ಮವ್ವ ಕಣ್ರೀ” ಎಂದು ಹೊನ್ನಿ ಬಾಗಿಲಿನ ಕಡೆಗೆ ನುಗ್ಗಿದಳು. ಅವರು ಅವಳನ್ನು ಹಿಂದಕ್ಕೆ ಎಳೆದುಕೊಂಡು, ಅಂಗೈಯಿಂದ ಅವಳ ಬಾಯಿ ಒತ್ತಿ ಹಿಡಿದರು. ಮೂರನೆಯ ಕೂಗಿಗೆ ಮುನ್ನ ಮಗು ಓಗೊಟ್ಟರೆ ಸತ್ತವಳು ಅದನ್ನೂ ಕರೆದುಕೊಂಡು ಹೋಗುತ್ತಾಳೆ, ಅವರ ತಲೆಯಲ್ಲಿ ಅದೊಂದೇ ಓಡುತ್ತಿತ್ತು.

“ಬಂದೆ... ತಡೀರಪ್ಪ.” ಈ ಸಲ ಬಾಗಿಲಿಗೆ ಹತ್ತಿರದಿಂದ, ಆದರೆ ಇನ್ನೂ ಸಣ್ಣಗೆ.

ಎರಡು. ಅವರು ಕಾದರು. ನಿಜವಾಗಿಯೂ ಕಾದರು. ಮೂರನೆಯದೊಂದು ಬರಲೆಂದು, ಬಂದರೆ ಬರಿಗೈಯಲ್ಲೇ ಮುಳ್ಳು ಕಿತ್ತು ಬಿಸಾಡುತ್ತೇನೆಂದು, ಗೊತ್ತಿದ್ದ ದೇವರಿಗೆಲ್ಲ ಮನಸ್ಸಿನಲ್ಲೇ ಹರಕೆ ಕಟ್ಟಿಕೊಳ್ಳುತ್ತಾ ನಿಂತರು. ಬಿಸಿಲು ಹೊಸ್ತಿಲ ಮೇಲೆ ಸುರಿಯುತ್ತಿತ್ತು. ಬಾಗಿಲ ಆ ಬದಿಯಲ್ಲಿ ಮರವನ್ನು ಉಗುರಿನಿಂದ ಕೆರೆದಂಥ ಸದ್ದಾಗಿ, ಅದೂ ನಿಂತಿತು. ಮೂರನೆಯ ಕೂಗು ಬರಲಿಲ್ಲ. ಅಂಗೈಯೊಳಗೆ ಹೊನ್ನಿಯ ಬಾಯಿ ಬಿಸಿಯಾಗಿ ಅಲುಗಾಡುತ್ತಲೇ ಇತ್ತು. ಅವರು ಅವಳನ್ನು ಎತ್ತಿಕೊಂಡು, ಮಕ್ಕಳನ್ನು ಮುಂದೆ ಅಟ್ಟಿಕೊಂಡು, ಹಿಂದಿರುಗಿ ನೋಡದೆ ಊರಾಚೆ ಬಂದರು.

ಸುದ್ದಿ ಕೇಳಿ ಗುಡ್ಲುಗಳಲ್ಲಿ ಹಾಹಾಕಾರವೆದ್ದಿತು. ಬೊಮ್ಮಪ್ಪ ಆಗಲೇ ಕೋಳಿ ಕೊಯ್ಯುವ ಮಾತು ತೆಗೆದಿದ್ದ. ಓಬಳಯ್ಯ ಮಾತ್ರ ಎಲ್ಲರಂತೆ ಹೆದರಲಿಲ್ಲ. ಮೇಷ್ಟರನ್ನು ಹೊಂಗೆಮರದ ಹಿಂದಕ್ಕೆ ಕರೆದ.

“ಎಷ್ಟ್ ಸಲ ಕೂಗಿದ್ಲು ಅಯ್ನೋರೇ?”

ಎರಡು ಸಲ ಎಂದರು. ಮಣ್ಣು ಮಾಡಿದ್ದು ಸುಳ್ಳೆಂದು ಅವನು ಹೇಳಿದ. ಊರು ಬಿಡುವಾಗ ಅವಳಿಗೆ ಮೈಮೇಲೆ ಎಚ್ಚರವಿರಲಿಲ್ಲ. ಸಂಜೆಯವರೆಗೂ ಉಳಿಯುವುದಿಲ್ಲ, ಮಗುವಿಗೂ ಅಂಟುತ್ತದೆ ಎಂದು ಅವನ ತಾಯಿ ಹಟ ಹಿಡಿದಿದ್ದಳು. ತಲೆದೆಸೆಗೆ ಒಂದು ಕೊಡ ನೀರಿಟ್ಟು ಚಿಲಕ ಹಾಕಿಕೊಂಡು ಬಂದಿದ್ದರು.

ಇಬ್ಬರೂ ಓಡಿದರು. ಯಾರಿಗೂ ಹೇಳಲಿಲ್ಲ. ಮುಳ್ಳು ಕಿತ್ತು ಬಾಗಿಲು ತೆರೆಯಲು ಹೋದರೆ ಅದು ಸಲೀಸಾಗಿ ತೆರೆಯಲಿಲ್ಲ. ಹಿಂದೆ ಭಾರವಿತ್ತು. ಚಿಕ್ಕಕ್ಕ ಹೊಸ್ತಿಲಿಗೆ ತಲೆಕೊಟ್ಟು ಬಿದ್ದಿದ್ದಳು, ಅಡುಗೆಮನೆಯಿಂದ ತೆವಳಿಕೊಂಡು ಬಂದ ಗುರುತು ನೆಲದ ಧೂಳಿನ ಉದ್ದಕ್ಕೂ ಇತ್ತು. ಪಕ್ಕದಲ್ಲಿ ಮೊರ, ಅದರಲ್ಲಿ ಎರಡು ಹಿಡಿ ರಾಗಿ. ಬಾಗಿಲು ತೆಗೆಯಿರೆಂದು ಕೇಳುವ ಎಚ್ಚರ ಅವಳಿಗಿತ್ತೋ ಇಲ್ಲವೋ, ಹಾಡು ಕೇಳಿಸಿದ್ದಷ್ಟೇ ಸಾಕಾಗಿತ್ತು. ಅಡವಯ್ಯನವರು ಬಗ್ಗಿ ಅವಳ ಕುತ್ತಿಗೆ ಮುಟ್ಟಿದರು. ಮೈ ಇನ್ನೂ ಬೆಚ್ಚಗಿತ್ತು. ಉಸಿರು ಇರಲಿಲ್ಲ.

ಹೆಣ ಒಳಗೇ ಇತ್ತು, ಏಳು ದಿನದ ಹಳೆಯ ಹೆಣ, ನೋಡುವಂತಿರಲಿಲ್ಲ ಎಂದು ಓಬಳಯ್ಯ ಬಂದು ಊರಿಗೆ ಹೇಳಿದ. ಮೇಷ್ಟ್ರು ಪಕ್ಕದಲ್ಲೇ ನಿಂತು ಸುಮ್ಮನಿದ್ದರು. ಮಣ್ಣು ಮಾಡದೆ ಬಂದದ್ದೇಕೆಂದು ಒಬ್ಬರೂ ಕೇಳಲಿಲ್ಲ. ಹಾಗೆ ಬಾಗಿಲು ಮುಚ್ಚಿ ಬಂದವರು ಆ ಪ್ಲೇಗಿನಲ್ಲಿ ಅವನೊಬ್ಬನೇ ಆಗಿರಲಿಲ್ಲ. ಮಣ್ಣು ಕಾಣದ ಹೆಣ ಮೊರ ಹಿಡಿದು ಕೂಗಿತೆಂಬ ಕಥೆ ಮಡಕಶಿರೆಯತನಕ ಹಬ್ಬಿತು. ದೆವ್ವವಾದ ಮೇಲೆ ಯಾರ ಮೇಲೂ ತಪ್ಪಿಲ್ಲ. ಜಾಲಿಗುಂಟೆಯವರಿಗೆ ಅದಕ್ಕಿಂತ ಹೆಚ್ಚಿನದೇನೂ ಬೇಕಾಗಿರಲಿಲ್ಲ. ನಿಜ ಹೇಳಬೇಕೆಂದರೆ ಮೇಷ್ಟರಿಗೂ ಬೇಕಾಗಿರಲಿಲ್ಲ.

ಸಂಕ್ರಾಂತಿಯ ಹೊತ್ತಿಗೆ ಜನ ಊರಿಗೆ ಮರಳಿದರು. ಪಡಸಾಲೆಗೆ ಹೊಸ ಮರಳು ಬಂತು, ಇನ್‌ಸ್ಪೆಕ್ಟರು ಬಂದು ಹೋದರು, ಮಹಾರಾಜರ ವರ್ಧಂತಿಗೆ ಮಕ್ಕಳು ಸಕ್ಕರೆ ತಿಂದರು. ಮುಂದಿನ ಮಹಾನವಮಿಯಲ್ಲಿ ಚೌಪದ ಓಬಳಯ್ಯನ ಮನೆಗೆ ಬಂದಾಗ ಅವನ ಮುದಿತಾಯಿ ಮೊರ ತರುವ ಮೊದಲೇ ಯಾರೋ ಓಗೊಟ್ಟರೆಂದು ಮಕ್ಕಳೆಲ್ಲ ಬಿಳಿಚಿಕೊಂಡರು. ಅಡವಯ್ಯನವರಿಗೆ ಏನೂ ಕೇಳಿಸಲಿಲ್ಲ. ಪ್ರತಿ ವರ್ಷವೂ ಆ ಬಾಗಿಲ ಮುಂದೆ ಕಿವಿಗೊಟ್ಟು ನಿಲ್ಲುತ್ತಿದ್ದರು, ಪ್ರತಿ ವರ್ಷವೂ ಮಕ್ಕಳಿಗೆ ಕೇಳಿಸುತ್ತಿತ್ತು, ಅವರಿಗಿಲ್ಲ. ದೆವ್ವವನ್ನು ನಂಬುವ ಭಾಗ್ಯವೂ ಅವರಿಗೆ ಉಳಿಯಲಿಲ್ಲ.

ಹೊನ್ನಿ ನಾಲ್ಕನೆಯ ಕ್ಲಾಸಿನವರೆಗೂ ಓದಿದಳು. ಜಾಲಿಗುಂಟೆಯಲ್ಲಿ ಅಷ್ಟು ಓದಿದ ಹೆಣ್ಣುಮಗಳು ಅವಳೇ ಮೊದಲು. ಮೇಷ್ಟ್ರು ತಮ್ಮ ಸ್ಲೇಟನ್ನೇ ಅವಳಿಗೆ ಕೊಟ್ಟಿದ್ದರು. ಅವಳು ಏನಾದರೂ ಕೇಳಲು ಬಾಯಿ ತೆರೆದರೆ ಸಾಕು, ಇವತ್ತು ಅದನ್ನೇ ಕೇಳಿಬಿಡುತ್ತಾಳೆಂದು ಅವರು ಹೆದರುತ್ತಿದ್ದರು. ಅವಳು ಗುಣಾಕಾರದ ಲೆಕ್ಕ ಕೇಳುತ್ತಿದ್ದಳು. ಹಾಗೇ ಎಂಟು ವರ್ಷ ಕಳೆಯಿತು.

ಹದಿನೈದು ತುಂಬಿದಾಗ ಅವಳನ್ನು ವೈ.ಎನ್.ಹೊಸಕೋಟೆ ಕಡೆಗೆ ಕೊಟ್ಟರು. ಗಂಡನ ಮನೆಗೆ ಹೊರಡುವ ಬೆಳಗ್ಗೆ, ಗಾಡಿ ಗುಡಿಯ ಮುಂದೆ ನಿಲ್ಲಿಸಿ, ಎಲೆಯಡಿಕೆ ಹಿಡಿದುಕೊಂಡು ಒಬ್ಬಳೇ ಪಡಸಾಲೆಗೆ ಬಂದಳು. ಮಕ್ಕಳಿನ್ನೂ ಬಂದಿರಲಿಲ್ಲ. ಮೇಷ್ಟ್ರು ಮರಳು ಹರಡುತ್ತಿದ್ದರು.

“ಅಯ್ನೋರೇ, ಒಂದ್ ಮಾತು,” ಎಂದಳು. “ಅವತ್ತು ಕೂಗಿದ್ದು ದೆವ್ವಾನಾ, ನಮ್ಮವ್ವಾನಾ?”

ದೆವ್ವವೆಂದು ಹೇಳಿಬಿಟ್ಟರೆ ಮುಗಿಯುತ್ತಿತ್ತು. ಅಪ್ಪ ಅವಳಿಗೆ ಅಪ್ಪನಾಗಿಯೇ ಉಳಿಯುತ್ತಿದ್ದ, ಮೇಷ್ಟ್ರು ಮೇಷ್ಟ್ರಾಗಿಯೇ ಉಳಿಯುತ್ತಿದ್ದರು. ಎಂಟು ವರ್ಷ ಕಟ್ಟಿಟ್ಟುಕೊಂಡಿದ್ದ ಆ ಉತ್ತರವನ್ನು ಅವರು ಬದಿಗಿಟ್ಟರು. ಓಬಳಯ್ಯನ ಹೆಸರನ್ನು ಅವರು ಎತ್ತಲಿಲ್ಲ.

“ನಿಮ್ಮವ್ವನೇ ಕಣಮ್ಮ. ಜೀವ ಇತ್ತು. ನಾನೇ ಬಾಗಿಲು ತೆಗೀಲಿಲ್ಲ.”

ಹೊನ್ನಿ ಅಳಲಿಲ್ಲ.

“ನಂಗೆ ಅವತ್ತೇ ಗೊತ್ತಿತ್ತು,” ಎಂದಳು. “ಅವ್ವಾ ಅಂತ ನಾನ್ ಒಂದ್ ಸಲ ಅಂದಿದ್ರೆ ಅವ್ಳು ಇನ್ನೊಂದ್ ಸಲ ಕೂಗ್ತಿದ್ಲು. ಅನ್ನೋಕೆ ನೀವ್ ಬುಡ್ಲಿಲ್ಲ.”

ಎಲೆಯಡಿಕೆಯನ್ನು ಮರಳಿನ ಪಕ್ಕದಲ್ಲಿಟ್ಟು, ಬಗ್ಗಿ ಅವರ ಕಾಲಿಗೆ ನಮಸ್ಕಾರ ಮಾಡಿದಳು. ತಲೆ ಬಗ್ಗಿಸಿಕೊಂಡೇ ಆಶೀರ್ವಾದಕ್ಕೆ ಕಾದಳು. ಅಡವಯ್ಯನವರು ಬಲಗೈ ಮೇಲೆತ್ತಿದರು, ಅಂಗೈಯನ್ನೊಮ್ಮೆ ನೋಡಿಕೊಂಡರು. ಅದನ್ನು ಅವಳ ತಲೆಯ ಮೇಲೆ ಇಡಲು ಅವರಿಂದ ಆಗಲಿಲ್ಲ. ಹೊನ್ನಿ ಇನ್ನೂ ಸ್ವಲ್ಪ ಹೊತ್ತು ಹಾಗೆಯೇ ಬಗ್ಗಿದ್ದು, ಆಮೇಲೆ ಎದ್ದು ಗಾಡಿ ಹತ್ತಿದಳು.