ವಿಶಾಲಾಕ್ಷಿ ಮೇಡಂ ಅವರ ಅಡುಗೆಮನೆ

ನಾವು ಕೆಲಸ ಮಾಡುವಾಗ ವಿಶಾಲಾಕ್ಷಿ ಮೇಡಂ ತಮ್ಮ ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಅವುಗಳ ಮೇಲೆ ಕುಳಿತಿರುತ್ತಿದ್ದರು. ಹಾಲು ಉಕ್ಕಿ ಒಲೆಯ ಮೇಲೆ ಸುರಿಯಲಿ, ಡಬ್ಬಿಯ ಮುಚ್ಚಳ ಜಾರಿ ಮೂಲೆಗೆ ಉರುಳಲಿ, ಆ ಕೈಗಳು ಹೊರಗೆ ಬರುತ್ತಿರಲಿಲ್ಲ. ಬೆಂಕಿಯ ಅಪಾಯ ಕಂಡರೆ ಮಾತ್ರ ತಟ್ಟನೆ ಎದ್ದು ಗ್ಯಾಸ್ ಆರಿಸಿ, ಮತ್ತೆ ಬಂದು ಹಾಗೇ ಕೂರುತ್ತಿದ್ದರು. ಏಕೆ ಹೀಗೆ ಎಂದು ಒಮ್ಮೆ ಕೇಳಿದೆ.

"ಬಿಟ್ರೆ ಇವು ಸುಮ್ನಿರಲ್ಲ ರೀ. ನಿಮ್ ಕೆಲಸಾನೆಲ್ಲ ತಾವೇ ಮಾಡ್ಬಿಡ್ತವೆ," ಎಂದರು.

ಚಾಮರಾಜಪೇಟೆಯ ಹಳೆಯ ಕಟ್ಟಡವೊಂದರ ಹಿಂಭಾಗದಲ್ಲಿ ಅವರಿಗೆ ಎರಡು ಕೋಣೆಗಳಿದ್ದವು. ಒಂದರಲ್ಲಿ ಮೇಜು, ಕುರ್ಚಿ. ಇನ್ನೊಂದು ಅಡುಗೆಮನೆ, ಗ್ಯಾಸ್ ಒಲೆ, ಮಿಕ್ಸಿ, ಕಾಫಿ ಫಿಲ್ಟರ್, ಒಗ್ಗರಣೆ ಡಬ್ಬಿ ಎಲ್ಲ ಇದ್ದ ನಿಜವಾದ ಅಡುಗೆಮನೆ. ಬಾಗಿಲ ಮೇಲೆ ಆಕ್ಯುಪೇಷನಲ್ ಥೆರಪಿ ಎಂಬ ಬೋರ್ಡು. ಪೆಟ್ಟೋ ಕಾಯಿಲೆಯೋ ಕಸಿದುಕೊಂಡ ದಿನನಿತ್ಯದ ಕೆಲಸಗಳನ್ನು ಮತ್ತೆ ರೂಢಿ ಮಾಡಿಸುವ ವಿದ್ಯೆ ಅದು. ಉಳಿದ ದಿನಗಳಲ್ಲಿ ಪಾರ್ಶ್ವವಾಯು ಆದವರು ಬರುತ್ತಿದ್ದರು. ಬುಧವಾರ, ಶುಕ್ರವಾರ ನಮ್ಮಂಥವರಿಗೆ. ನಮ್ಮಂಥವರು ಎಂದರೆ ಮನೆಯ ಗಂಡಸರ ಕೈಯಿಂದ ತಲೆಗೆ ಏಟು ತಿಂದ ಹೆಂಗಸರು.

ಮೇಡಂಗೆ ಐವತ್ತೈದರ ಆಸುಪಾಸು. ಹಣೆಯಲ್ಲಿ ತೆಳುವಾದ ವಿಭೂತಿ, ಮೈಮೇಲೆ ಇಸ್ತ್ರಿ ಮಾಡಿದ ಹತ್ತಿ ಸೀರೆ, ಕಾಲಿಗೆ ಬಿಳಿ ಕ್ಯಾನ್ವಾಸ್ ಶೂ. ತರಗುಪೇಟೆಯ ಬೇಳೆ ವ್ಯಾಪಾರದ ಮನೆತನದವರು. "ಪಾಪ" ಎಂಬ ಮಾತನ್ನು ಅವರ ಬಾಯಲ್ಲಿ ನಾನು ಒಮ್ಮೆಯೂ ಕೇಳಲಿಲ್ಲ.

ನಾನು ಅದೇ ಚಾಮರಾಜಪೇಟೆಯ ಒಂದು ಪ್ರೆಸ್ಸಿನಲ್ಲಿ ಪ್ರೂಫ್ ನೋಡುತ್ತಿದ್ದವಳು. ಗಂಡನ ಮನೆ ವೈಯಾಲಿಕಾವಲ್‌ನಲ್ಲಿ. ಹನ್ನೊಂದು ವರ್ಷದ ಮೇಲೆ ಆ ಮನೆ ಬಿಟ್ಟು ಅಣ್ಣನ ಮನೆಗೆ ಬಂದಾಗ ನನಗೆ ಒಂದು ಪುಟ ಓದಲು ಆಗುತ್ತಿರಲಿಲ್ಲ. ಸಾಲುಗಳು ಒಂದರ ಮೇಲೊಂದು ಹತ್ತುತ್ತಿದ್ದವು. ನಲ್ಲಿ ತಿರುಗಿಸಿ ಬಕೆಟ್ ಇಡಲು ಮರೆಯುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಸುಸ್ತಾಗಿ ಬಿದ್ದುಕೊಳ್ಳುತ್ತಿದ್ದೆ. ಮನಸ್ಸಿಗೆ ಬೇಸರವಾಗಿದೆ, ಹಾಗಾಗಿ ಹೀಗೆ ಎಂದು ಮನೆಯವರು ಅಂದುಕೊಂಡರು. ನಾನೂ ಅದನ್ನೇ ನಂಬಿದ್ದೆ. ಕೊನೆಗೆ ನರರೋಗದ ಡಾಕ್ಟರೊಬ್ಬರು ಪರೀಕ್ಷಿಸಿ, ಮಿದುಳಿಗೆ ಪೆಟ್ಟಾದಂತಿದೆ ಎಂದು ಚೀಟಿ ಬರೆದು ಮೇಡಂ ಹತ್ತಿರ ಕಳಿಸಿದರು.

ಮೊದಲ ದಿನ ಅಣ್ಣ ಸುರೇಶ ಜೊತೆಗೆ ಬಂದಿದ್ದ. ಕೇಳಿದ್ದಕ್ಕೆಲ್ಲ ಅವನೇ ಉತ್ತರ ಕೊಡುತ್ತಿದ್ದ. ಮೇಡಂ ಸ್ವಲ್ಪ ಹೊತ್ತು ಕೇಳಿಸಿಕೊಂಡರು.

"ಸರ್, ಎದುರುಗಡೆ ಒಳ್ಳೆ ಕಾಫಿ ಸಿಗತ್ತೆ. ನಿಧಾನವಾಗಿ ಕುಡ್ಕೊಂಡು ಬನ್ನಿ."

ಅವನು ಹೋದ ಮೇಲೆ ಬಾಗಿಲು ಮುಂದೆ ಮಾಡಿದರು.

"ಸುಮಿತ್ರಾ ಅವ್ರೇ, ತಲೆಗೆ ಏಟು ಬಿದ್ದಿತ್ತಾ?"

"ಹೂಂ."

"ಯಾವುದ್ರಿಂದ?"

"ಗೋಡೆಗೆ... ಕೂದಲು ಹಿಡಿದು."

"ಒಂದೇ ಸಲಾನಾ?"

"ಅಲ್ಲ."

"ಕುತ್ತಿಗೆ ಹಿಸುಕಿದ್ರಾ? ಎಚ್ಚರ ತಪ್ಪಿತ್ತಾ?"

ಎರಡಕ್ಕೂ ಹೌದು ಎಂದೆ. ಪೊಲೀಸ್ ಠಾಣೆಯಲ್ಲಿ ತೋಳಿನ ಬಾವು, ಮುರಿದ ಹಲ್ಲು ಬರೆದುಕೊಂಡಿದ್ದರು. ಕಣ್ಣಿಗೆ ಕಾಣದ ಪೆಟ್ಟಿನ ಬಗ್ಗೆ ಅಲ್ಲಿಯವರೆಗೆ ಯಾರೂ ಹೀಗೆ ಬಿಡಿಸಿ ಕೇಳಿರಲಿಲ್ಲ. ಮೇಡಂ ತಲೆಯೆತ್ತದೆ ಎಲ್ಲ ಬರೆದುಕೊಂಡು, "ನಾಳಿದ್ದು ಬನ್ನಿ. ಉಪ್ಪಿಟ್ಟು ಮಾಡೋಣ," ಎಂದರು.

ಉಪ್ಪಿಟ್ಟಿಗೆ ನನಗೆ ಐವತ್ತು ನಿಮಿಷ ಹಿಡಿಯಿತು. ರವೆ ಹುರಿದಿಟ್ಟೆ. ಈರುಳ್ಳಿ ಹೆಚ್ಚುತ್ತಾ ಒಲೆಯ ಮೇಲಿನ ನೀರು ಮರೆತೆ. ಅದು ಇಂಗಿತು. ಮತ್ತೆ ನೀರಿಟ್ಟೆ. ಹುರಿದ ರವೆಯನ್ನು ಎಲ್ಲಿಟ್ಟೆ ಎಂದು ಹುಡುಕಿದೆ, ಕಣ್ಣೆದುರಿಗೇ ಇತ್ತು. ಕೊನೆಗೂ ಆದದ್ದನ್ನು ಮೇಡಂ ತಟ್ಟೆಗೆ ಹಾಕಿಕೊಂಡು ಪೂರ್ತಿ ತಿಂದರು.

"ಉಪ್ಪಿಲ್ಲ," ಎಂದರು.

ನನಗೆ ರೇಗಿತು. "ನಂಗೆ ಮೂವತ್ತೆಂಟು ವರ್ಷ ಮೇಡಂ. ಉಪ್ಪಿಟ್ಟು ಮಾಡಕ್ಕೆ ಬರಲ್ಲ ಅಂದ್ರೆ ಇನ್ನೇನ್ ಬರತ್ತೆ?"

"ಮಾಡಕ್ಕೆ ಬರತ್ತೆ. ಒಂದಾದ್ಮೇಲೆ ಒಂದು ಅನ್ನೋದು ಕೈ ತಪ್ಪಿದೆ. ಅದು ಬೇರೆ, ಇದು ಬೇರೆ. ನಿಮ್ಗೆ ಅವಸರ ಇದ್ಯಾ? ನಂಗಂತೂ ಇಲ್ಲ."

ಅಂದಿನಿಂದ ಪ್ರತಿ ಕೆಲಸಕ್ಕೂ ಒಂದು ಕಾರ್ಡು. ಹೆಜ್ಜೆಗಳನ್ನು ನಾನೇ ನನ್ನ ಅಕ್ಷರದಲ್ಲಿ ಬರೆಯಬೇಕು. ಮುಗಿದದ್ದಕ್ಕೆ ಗೀಟು ಎಳೆಯಬೇಕು. ಒಲೆ ಹಚ್ಚಿದರೆ ಫೋನಿನಲ್ಲಿ ಅಲಾರಂ ಇಡಬೇಕು. ಓದಲು ಅವರು ದಪ್ಪ ರಟ್ಟಿನಲ್ಲಿ ಒಂದೇ ಸಾಲು ಕಾಣುವಷ್ಟು ಕಿಂಡಿ ಕೊರೆದು ಕೊಟ್ಟರು. ಅದನ್ನು ಪುಟದ ಮೇಲೆ ಇಳಿಸುತ್ತಾ ಹೋದರೆ ಸಾಲುಗಳು ಮೇಲೆ ಹತ್ತುವುದು ನಿಂತಿತು. ದಿನಕ್ಕೆ ಹತ್ತು ಸಾಲು, ಆಮೇಲೆ ಅರ್ಧ ಪುಟ. ಎರಡು ಪುಟಕ್ಕೆ ಬರಲು ಐದು ತಿಂಗಳಾಯಿತು.

ನಾನು ರುಚಿಯಾದ ಬಿಸಿಬೇಳೆಬಾತ್ ಮಾಡಿದ ದಿನ ನಿಮ್ಮ ಮನೆಯಲ್ಲಿ ಇದಕ್ಕೆ ಏನೇನು ಹಾಕುತ್ತೀರಿ ಎಂದು ಕೇಳಿದೆ. ಮೇಡಂ, "ನಂಗೆ ಅಡುಗೆ ಬರಲ್ಲ ರೀ. ನಮ್ಮನೇಲಿ ಅತ್ತಿಗೆ ಮಾಡ್ತಾರೆ. ನಂಗೆ ಕಾಫಿ ಬೆರೆಸೋದು ಗೊತ್ತು, ಅಷ್ಟೆ," ಎಂದರು. ಅಷ್ಟು ದಿನ ಉಪ್ಪು ಕಡಿಮೆ, ಹುಳಿ ಹೆಚ್ಚು ಎಂದು ತೀರ್ಪು ಕೊಟ್ಟವರು ಅವರೇ. ವೈಯಾಲಿಕಾವಲ್ ಬಿಟ್ಟ ಮೇಲೆ ನಾನು ಗಟ್ಟಿಯಾಗಿ ನಕ್ಕದ್ದು ಅವತ್ತೇ ಇರಬೇಕು.

ಆ ವೇಳೆಗೆ ನನ್ನ ಮಗಳು ಮೇಘನಾಳ ವಿಷಯ ಕೋರ್ಟಿನಲ್ಲಿತ್ತು. ಅವಳಿಗೆ ಎಂಟು ವರ್ಷ. ತಂದೆಯ ಮನೆಯಲ್ಲೇ ಉಳಿದಿದ್ದಳು. ಅವಳನ್ನು ನನ್ನ ಹತ್ತಿರ ಬಿಡಬೇಕೆಂದು ನಾನು ಕೇಳಿದ್ದಕ್ಕೆ, ಇವಳಿಗೆ ತಲೆ ಸರಿಯಿಲ್ಲ, ಒಲೆ ಹಚ್ಚಿ ಮರೆಯುತ್ತಾಳೆ, ಮಗುವಿಗೆ ಅಪಾಯ ಎಂದು ಗಂಡನ ಕಡೆಯವರು ಉತ್ತರ ಕೊಟ್ಟಿದ್ದರು. ಮರೆಯುತ್ತಿದ್ದದ್ದು ನಿಜ. ಚಿಕಿತ್ಸೆ ಕೊಡುತ್ತಿರುವವರಿಂದ ಕೋರ್ಟು ವರದಿ ಕೇಳಿತು.

"ಪೂರ್ತಿ ವಾಸಿಯಾಗಿದೆ ಅಂತ ಬರ್ಕೊಡಿ ಮೇಡಂ," ಎಂದೆ.

"ಆಗಿಲ್ವಲ್ಲ."

"ನನ್ ಮಗಳ ವಿಷ್ಯ ಇದು."

"ಗೊತ್ತು. ಅದಕ್ಕೇ ಸುಳ್ಳು ಬರೆಯಲ್ಲ."

ನಾನು ಬ್ಯಾಗ್ ತೆಗೆದುಕೊಂಡು ಎದ್ದು ಬಂದೆ. ಎರಡು ವಾರ ಹೋಗಲಿಲ್ಲ. ಅವರು ಫೋನೂ ಮಾಡಲಿಲ್ಲ. ಮೂರನೆಯ ವಾರ ಮೇಡಂ ಅಣ್ಣನ ಮನೆಗೇ ಬಂದರು. ವರದಿಯನ್ನು ನನ್ನ ಮುಂದಿಟ್ಟು, "ಓದಿ. ತಪ್ಪಿದ್ರೆ ತಿದ್ದಿ. ನೀವು ಪ್ರೂಫ್ ನೋಡೋರು ತಾನೇ?" ಎಂದರು.

ರಟ್ಟಿನ ಕಿಂಡಿ ಇಟ್ಟುಕೊಂಡು ಓದಿದೆ. ನಾಲ್ಕು ಪುಟ. ಗದ್ದಲದಲ್ಲಿ ನಾನು ಎರಡು ಕೆಲಸ ಒಟ್ಟಿಗೆ ಮಾಡಲಾರೆ ಎಂದಿತ್ತು. ಮಧ್ಯಾಹ್ನ ವಿಶ್ರಾಂತಿ ಬೇಕು ಎಂದಿತ್ತು. ಮೂರು ತಿಂಗಳಿಂದ ಒಲೆಯ ವಿಷಯದಲ್ಲಿ ಒಂದೂ ತಪ್ಪು ಮಾಡಿಲ್ಲ, ಕಾರ್ಡು, ಅಲಾರಂ ಇಟ್ಟುಕೊಂಡು ಅದನ್ನು ಹೇಗೆ ತಪ್ಪಿಸುತ್ತೇನೆ ಎಂಬುದೂ ಇತ್ತು. ಎಲ್ಲಕ್ಕಿಂತ ಮೊದಲು, ಇದು ಹುಚ್ಚಲ್ಲ, ಗಂಡನ ಮನೆಯಲ್ಲಿ ತಲೆಗೆ ಮತ್ತೆ ಮತ್ತೆ ಬಿದ್ದ ಪೆಟ್ಟಿನಿಂದ ಮಿದುಳಿಗಾದ ಗಾಯ, ಆಕೆ ತಿಳಿಸಿದ ಘಟನೆಗಳಿಗೂ ಡಾಕ್ಟರು ಕಂಡದ್ದಕ್ಕೂ ಹೊಂದುತ್ತದೆ ಎಂದು ಬರೆದಿದ್ದರು. ಒಂದು ಕಡೆ ಅಲ್ಪಪ್ರಾಣಕ್ಕೆ ಮಹಾಪ್ರಾಣ ಬಿದ್ದಿತ್ತು. ಅದನ್ನು ತಿದ್ದಿಕೊಟ್ಟೆ.

ಕೋರ್ಟಿನಲ್ಲಿ ಎದುರು ವಕೀಲರು ಮರೆವಿನ ಮಾತೆತ್ತಿದಾಗ ಅದು ವರದಿಯಲ್ಲೇ ಇತ್ತು. ಮರೆವಿನ ಕಾರಣವೂ ಇತ್ತು. ಮೊದಲು ಶನಿವಾರ, ಭಾನುವಾರ ಮಾತ್ರ ಮಗಳು ಬಂದಳು, ಸುರೇಶನ ಹೆಂಡತಿ ಜೊತೆಗೆ ಮನೆಯಲ್ಲಿರಬೇಕೆಂಬ ಷರತ್ತಿನೊಂದಿಗೆ. ಶಾಲೆಯ ಹೊಸ ವರ್ಷ ಶುರುವಾಗುವ ಹೊತ್ತಿಗೆ ಪೂರ್ತಿಯಾಗಿ ನನ್ನ ಬಳಿ ಬಂದಳು. ನಾನು ಪ್ರೆಸ್ಸಿಗೆ ಬೆಳಗಿನ ಹೊತ್ತು ಮಾತ್ರ ಹೋಗತೊಡಗಿದೆ. ಮೊದಲಿನ ವೇಗ ಬರಲಿಲ್ಲ. ಇನ್ನು ಬರುವುದೂ ಇಲ್ಲ.

ಕೊನೆಯ ಸಲ ಹೋದಾಗ ಮೇಘನಾಳನ್ನು ಕರೆದುಕೊಂಡು ಹೋಗಿದ್ದೆ. ಮೇಡಂ ನನ್ನನ್ನು ಬಿಟ್ಟು ಅವಳ ಜೊತೆ ಮಾತಿಗೆ ಕುಳಿತರು.

"ಅಮ್ಮ ಒಂದೊಂದ್ಸಲ ನಿನ್ ಮಾತು ಮರ್ತುಬಿಡ್ತಾರಲ್ವಾ? ಅಮ್ಮನ ತಲೆಗೆ ಪೆಟ್ಟಾಗಿತ್ತು ಪುಟ್ಟಿ. ಅದಕ್ಕೇ ಹಾಗೆ. ನಿನ್ ಮೇಲೆ ಪ್ರೀತಿ ಇಲ್ಲ ಅಂತ ಅಲ್ಲ."

"ಅಪ್ಪ ಹೊಡೆದಿದ್ದಕ್ಕಾ?"

ನಾನು ಮಗಳೊಂದಿಗೆ ಆ ಮಾತು ಆಡಿದವಳೇ ಅಲ್ಲ. ಬಚ್ಚಲಲ್ಲಿ ಜಾರಿಬಿದ್ದೆ ಎಂದೇ ಹೇಳುತ್ತಾ ಬಂದಿದ್ದೆ. ಮೇಡಂ ನನ್ನ ಕಡೆ ತಿರುಗಿದರು. "ಅದನ್ನ ಅಮ್ಮ ಹೇಳ್ತಾರೆ," ಎಂದು ಎದ್ದು ಅಡುಗೆಮನೆಗೆ ಹೋದರು.

"ಹೌದು," ಎಂದೆ.

ಸ್ವಲ್ಪ ಹೊತ್ತಿನ ಮೇಲೆ ಮೂರು ಲೋಟ ಹಿಡಿದುಕೊಂಡು ಮೇಡಂ ಬಂದರು. ನಮಗಿಬ್ಬರಿಗೆ ಕಾಫಿ, ಮೇಘನಾಗೆ ಹಾಲು. ಕುಡಿದ ಮೇಲೆ, "ಇನ್ನು ನೀವು ಬರೋದು ಬೇಡ. ಆ ಜಾಗ ಬೇರೆಯವ್ರಿಗೆ ಬೇಕು," ಎಂದು ನನ್ನ ಹೆಸರಿನ ಫೈಲಿಗೆ ದಾರ ಕಟ್ಟಿದರು. ಎರಡು ತಿಂಗಳಲ್ಲಿ ಮೇಡಂ ತುಮಕೂರಿಗೆ ಹೋದರು. ಅಲ್ಲಿ ಇಂಥದ್ದೇ ಜಾಗವೊಂದನ್ನು ತೆರೆಯಲು ಯಾರೋ ಕರೆದಿದ್ದರಂತೆ. ಆ ಕೋಣೆಗಳಲ್ಲಿ ಈಗ ಹಲ್ಲಿನ ಡಾಕ್ಟರಿದ್ದಾರೆ. ಮತ್ತೆ ನಮ್ಮ ಭೇಟಿಯಾಗಿಲ್ಲ. ಆ ಕೊನೆಯ ದಿನ ವಾಪಸ್ ಬರುವ ದಾರಿಯಲ್ಲಿ ನಡೆದದ್ದನ್ನು ಅವರಿಗೆ ಹೇಳಬೇಕೆಂದಿದ್ದೆ, ಆಗಲೇ ಇಲ್ಲ.

ಮನೆಯ ತಿರುವಿನವರೆಗೂ ಮೇಘನಾ ನನಗಿಂತ ಎರಡು ಹೆಜ್ಜೆ ಮುಂದೆಯೇ ನಡೆದಳು. ಗೇಟು ತೆಗೆಯುವಾಗ ನನ್ನ ಮುಖ ನೋಡದೆ ಹೇಳಿದಳು:

"ನಾನು ಬಾಗಿಲ ಹಿಂದೆ ನಿಂತಿದ್ದೆ ಅಮ್ಮ. ಎಲ್ಲಾ ಸಲಾನೂ."