ಹನ್ನೆರಡು ಪಡಿ ಅಕ್ಕಿ

ಅಪ್ಪ ಕಂಪನಿಯ ವಾರ್ಷಿಕ ವರದಿ ಓದುವಾಗ ನಮ್ಮ ಮನೆಯಲ್ಲಿ ಯಾರೂ ಕೆಮ್ಮುವಂತಿರಲಿಲ್ಲ. ಅವರು ನುಂಗಂಬಾಕ್ಕಂನ ಒಂದು ವಿಮಾ ಕಚೇರಿಯಲ್ಲಿ ಗುಮಾಸ್ತರು. ಅಂಬತ್ತೂರಿನಲ್ಲಿ ಸೈಕಲ್ಲಿನ ಬಿಡಿಭಾಗ ಮಾಡುವ ಕಾರ್ಖಾನೆಯೊಂದರ ಹತ್ತು ಷೇರುಗಳನ್ನು ಅಮ್ಮನ ಹೆಸರಿನಲ್ಲಿ ಕೊಂಡು, ಉಡುಗೊರೆ ಎಂದು ಅವಳ ಕೈಗಿತ್ತಿದ್ದರು. ಸೀರೆ ಕೇಳಿದವಳಿಗೆ ಷೇರು ಕೊಡುವ ಗಂಡಸು ಮದ್ರಾಸಿನಲ್ಲಿ ಇನ್ನೊಬ್ಬ ಇದ್ದಿರಲಾರ.

ಅರವತ್ತರ ದಶಕದ ಕೊನೆಯ ಒಂದು ವರ್ಷ ಕಂಪನಿ ಹೊಸ ಷೇರು ಹೊರಡಿಸಿತು. ಹಳೆಯ ಷೇರುದಾರರಿಗೆ ಮೊದಲ ಅವಕಾಶ. ಅಪ್ಪನ ಕಣ್ಣು ಅಮ್ಮನ ಎರಡು ಚಿನ್ನದ ಬಳೆಗಳ ಮೇಲೆ ಬಿತ್ತು. ತಾಳಿ ಬಿಟ್ಟರೆ ಅವಳಲ್ಲಿ ಇದ್ದದ್ದು ಅವೆರಡೇ. ಅಪ್ಪ ವರದಿಯ ಇಂಗ್ಲಿಷನ್ನು ಸಾಲು ಸಾಲಾಗಿ ಕನ್ನಡ ಮಾಡಿ ಹೇಳಿದರು. ಎರಡು ಶೆಡ್ಡು, ಮುನ್ನೂರು ಕೆಲಸಗಾರರು, ಅಷ್ಟೂ ಜನಕ್ಕೆ ಕಂಪನಿಯಲ್ಲೇ ಮಧ್ಯಾಹ್ನದ ಊಟ. ಅಮ್ಮ ಊಟದ ಸಾಲನ್ನು ಮಾತ್ರ ಎರಡು ಸಲ ಓದಿಸಿದಳು. ಕಣ್ಣಾರೆ ನೋಡದೆ ಬಳೆ ಬಿಚ್ಚುವುದಿಲ್ಲ ಎಂದಳು.

ಆ ವರ್ಷದ ಸಭೆ ಕಾರ್ಖಾನೆಯಲ್ಲೇ ಇತ್ತು. ಮೊದಲು ಷೇರುದಾರರಿಗೆ ಎರಡೂ ಶೆಡ್ಡುಗಳನ್ನು ತೋರಿಸಿದರು. ಹೈಸ್ಕೂಲು ಹುಡುಗಿಯಾಗಿದ್ದ ನನಗೆ ಅಪ್ಪ ಒಂದೊಂದು ಯಂತ್ರವನ್ನೂ ತಪ್ಪು ತಪ್ಪಾಗಿ ವಿವರಿಸುತ್ತ ನಡೆದರು. ಅಮ್ಮ ಕಾಣಿಸಲಿಲ್ಲ. ಹುಡುಕಿಕೊಂಡು ಹೋದರೆ ಕ್ಯಾಂಟೀನಿನ ಅಡುಗೆಮನೆಯಲ್ಲಿದ್ದಳು. ಅಡುಗೆಯವರು ನಮ್ಮ ಕುಂದಾಪುರದ ಕಡೆಯವರು. ಆಗಲೇ ಇಬ್ಬರೂ ನೆಂಟರಾಗಿಬಿಟ್ಟಿದ್ದರು. ಅಮ್ಮ ಬೆಳೆದದ್ದು ಮದ್ರಾಸಿನಲ್ಲೇ, ಅಜ್ಜನ ಹೋಟೆಲಿನ ಹಿಂಬದಿಯಲ್ಲಿ. ಒಂದು ಪಡಿ ಅಕ್ಕಿ ಎಷ್ಟು ಎಲೆಗೆ ಬರುತ್ತದೆಂದು ಅವಳನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದಳು.

ಸಭೆಯಲ್ಲಿ ಅಧ್ಯಕ್ಷರು ಮುಕ್ಕಾಲು ಗಂಟೆ ಇಂಗ್ಲಿಷಿನಲ್ಲಿ ಮಾತಾಡಿದರು. ಪ್ರಶ್ನೆಗಳಿವೆಯೇ ಎಂದು ಕೇಳಿದಾಗ ಎಲ್ಲರೂ ಬೋಂಡಾ ಬರಬೇಕಾದ ಬಾಗಿಲನ್ನೇ ನೋಡುತ್ತಿದ್ದರು. ಅಮ್ಮ ಎದ್ದು ನಿಂತಳು. ಅಪ್ಪ ಸೆರಗು ಜಗ್ಗಿದರು. ನನಗೆ ನಾಚಿಕೆಯಿಂದ ಪ್ರಾಣ ಹೋದಂತಾಯಿತು. ಇಲ್ಲಿ ದಿನಕ್ಕೆ ಹನ್ನೆರಡೇ ಪಡಿ ಅಕ್ಕಿ ಬೇಯುತ್ತದೆ, ಅದು ನೂರು ಜನಕ್ಕೆ ಸಾಕು, ಉಳಿದ ಇನ್ನೂರು ಜನ ಏನು ತಿನ್ನುತ್ತಾರೆ ಎಂದು ತನ್ನ ಹೋಟೆಲು ತಮಿಳಿನಲ್ಲಿ ಕೇಳಿದಳು.

ಜನ ನಕ್ಕರು. ಅಧ್ಯಕ್ಷರು ನಗಲಿಲ್ಲ. ಕಾಗದ ಮಡಿಸಿಟ್ಟು, ಈ ಸಲ ತಮಿಳಿನಲ್ಲೇ, ಎರಡನೇ ಶೆಡ್ಡು ಆರು ತಿಂಗಳಿಂದ ಮುಚ್ಚಿದೆ, ಇವತ್ತು ನಿಮಗೆ ತೋರಿಸಲೆಂದು ಓಡಿಸಿದೆವು ಎಂದರು. ಆರ್ಡರು ಇಳಿದಿದೆ, ಹೊಸ ಹಣ ಬಂದರೆ ಬೇರೆ ಯಂತ್ರ ತಂದು ತೆರೆಯಬಹುದು, ಆದರೆ ಎರಡು ವರ್ಷ ಲಾಭಾಂಶದ ಆಸೆ ಬೇಡ ಎಂದೂ ಹೇಳಿದರು. ಕೆಲವರು ಬೋಂಡಾವನ್ನೂ ಮುಟ್ಟದೆ ಎದ್ದುಹೋದರು. ಷೇರುದಾರರಿಗೆ ಅಷ್ಟು ಸಿಟ್ಟು ಬಂದದ್ದನ್ನು ನಾನು ಮತ್ತೆಂದೂ ಕಂಡಿಲ್ಲ.

ಬಸ್ಸಿನಲ್ಲಿ ಅಪ್ಪ, ಸದ್ಯ ಬಳೆ ಉಳಿಯಿತು ಎಂದು ಉಸಿರು ಬಿಟ್ಟರು. ಅಮ್ಮ ಎರಡೂ ಬಳೆ ಬಿಚ್ಚಿ ಅವರ ಕೈಗೆ ಹಾಕಿದಳು.

"ನಷ್ಟ ಅಂದೇಳಿ ಅವ್ರೇ ಹೇಳ್ರಲೆ?" ಎಂದರು ಅಪ್ಪ.

"ಹೇಳ್ರಲ್ದಾ, ಅದ್ಕೇ. ಇನ್ ಮುಂದೆ ಕಂಪ್ನಿ ಹಾಳಾರೂ ನಮ್ಗ್ ಗೊತ್ತಾತ್ತ್."

ಅಪ್ಪ ಬಳೆಗಳನ್ನು ಕರವಸ್ತ್ರದಲ್ಲಿ ಕಟ್ಟಿದರು, ಬಿಚ್ಚಿದರು, ಮತ್ತೆ ಕಟ್ಟಿದರು. ಎರಡು ಸ್ಟಾಪು ಕಳೆದ ಮೇಲೆ, ಕಿಟಕಿಯತ್ತ ಮುಖ ಮಾಡಿಕೊಂಡು, ಆ ಮೊದಲ ಹತ್ತು ಷೇರು ತನ್ನ ಸಂಬಳದ್ದಲ್ಲ ಎಂದರು. ನಾಲ್ಕು ವರ್ಷದ ಹಿಂದೆ ಸಮುದ್ರಕ್ಕಿಳಿಯುವ ಮುಂಚೆ ಅಮ್ಮ ಬಿಚ್ಚಿ ಅವರ ಕೈಗೆ ಕೊಟ್ಟಿದ್ದ ಸರ ಕಳೆದೇ ಹೋಗಿರಲಿಲ್ಲವಂತೆ, ಅದನ್ನು ಮಾರಿ ಷೇರು ಕೊಂಡಿದ್ದರಂತೆ. ಆ ಸರಕ್ಕಾಗಿ ನಾವು ಇಡೀ ಭಾನುವಾರ ಮರೀನಾದ ಮರಳನ್ನು ಜಾಲಾಡಿದ್ದೆವು. ಅಪ್ಪನೂ ಮಂಡಿಯೂರಿ ಜಾಲಾಡಿದ್ದರು! ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಅಮ್ಮ ದನಿ ಏರಿಸಲಿಲ್ಲ.

"ಆ ಮನ್ಷ ಕೇಳಿದ್ ಕೂಡ್ಲೆ ಹೇಳ್ರ್. ನಿಮ್ಗೆ ನಾಲ್ಕ್ ವರ್ಷ ಬೇಕಾಯ್ತ್," ಎಂದಳು. ಕರವಸ್ತ್ರದ ಗಂಟು ಬಿಚ್ಚಿ, ಒಂದು ಬಳೆಯನ್ನು ಮತ್ತೆ ಕೈಗೆ ಹಾಕಿಕೊಂಡಳು.