ಇಂಗು ತಿಳಿಯದ ಮೂಗು

ಎರಡನೆಯ ಮಹಾಯುದ್ಧದ ದಿನಗಳಲ್ಲಿ ನಾನು ಯಾರನ್ನೂ ನಂಬುತ್ತಿರಲಿಲ್ಲ. ತುಪ್ಪಕ್ಕೆ ವನಸ್ಪತಿ ಬೆರೆಸುವ ವಿದ್ಯೆ ಆಗ ನಮ್ಮ ಕಡೆಗೂ ಬಂದಿತ್ತು. ಸಂತೇಬೆನ್ನೂರಿನ ಸಂತೆಯಲ್ಲಿ ತುಪ್ಪ ಕೊಳ್ಳುವವರು ಒಂದು ಹನಿಯನ್ನು ಮುಂಗೈಗೆ ತಿಕ್ಕಿ ಮೂಸುತ್ತಿದ್ದರು. ಅನುಮಾನ ಬಂದರೆ ಆ ಕೈಯನ್ನು ನನ್ನ ಮೂಗಿನ ಮುಂದೆ ಹಿಡಿಯುತ್ತಿದ್ದರು. ಈ ಮೂಗು ಕೊಟ್ಟ ತೀರ್ಪಿಗೆ ಅಪೀಲು ಇರಲಿಲ್ಲ.

ಒಂದು ಚಳಿಗಾಲ ಊರಿಗೆಲ್ಲ ಫ್ಲೂ ಜ್ವರ ಬಂತು. ನನಗೂ ಬಂದು ವಾರಕ್ಕೆ ಬಿಟ್ಟಿತು. ಮರುದಿನದಿಂದಲೇ ಲೋಕ ಕೆಟ್ಟಿತು. ಕಾಫಿಗೆ ಘಮವಿಲ್ಲ, ಹೆಂಡತಿ ಹಳೆಯ ಚರಟಕ್ಕೇ ನೀರು ಹೊಯ್ಯುತ್ತಿದ್ದಾಳೆಂದು ಪುಡಿಯ ಡಬ್ಬಿಯ ಮೇಲೆ ಕಣ್ಣಿಟ್ಟೆ. ಸಾರಿನಲ್ಲಿ ಇಂಗಿನ ವಾಸನೆಯಿಲ್ಲ. ಅಂಗಡಿಯವನು ಬರೀ ಗೋಂದು ಕಟ್ಟಿಕೊಟ್ಟಿದ್ದಾನೆ. ಇಷ್ಟು ಜನ ಒಂದೇ ವಾರದಲ್ಲಿ ಮೋಸಕ್ಕಿಳಿದದ್ದು ಹೇಗೆಂದು ಯೋಚಿಸಿದೆನೇ ಹೊರತು, ಮೂಗನ್ನು ಸಂಶಯಿಸಲು ತೋಚಲಿಲ್ಲ.

ಸಂತೆಯ ದಿನ, ಕೆರೆಬಿಳಚಿಯಿಂದ ತುಪ್ಪ ತರುತ್ತಿದ್ದ ವಿಧವೆಯ ಮುಂದೆ ಕೂತೆ. ಎರಡು ಎಮ್ಮೆ, ಒಂದು ಗಡಿಗೆ, ಇಷ್ಟೇ ಆಕೆಯ ಬದುಕು. ತಿಕ್ಕಿದೆ, ಮೂಸಿದೆ. ಏನೂ ಇಲ್ಲ. ಗಂಟಲು ಸರಿಮಾಡಿಕೊಂಡು, ಇದು ವನಸ್ಪತಿ ಎಂದು ಘೋಷಿಸಿದೆ. ಪಾತ್ರೆ ಹಿಡಿದು ನಿಂತಿದ್ದವರು ಒಬ್ಬೊಬ್ಬರಾಗಿ ಸರಿದರು.

ಆಕೆ ಕೂಗಾಡಲಿಲ್ಲ. ಅದೂ ನನಗೆ ಅನುಮಾನಕ್ಕೇ ಕಾರಣವಾಯಿತು. ಎದ್ದು ಪಕ್ಕದ ಅಂಗಡಿಗೆ ಹೋಗಿ ಮುಷ್ಟಿ ಕಟ್ಟಿಕೊಂಡು ಬಂದಳು.

“ಕಣ್ಣು ಮುಚ್ಚಿರಿ ಯಜಮಾನ್ರೆ. ನನ್ನ ಕೈಯಾಗೆ ಏನೈತೆ ಹೇಳ್ರಿ.”

ಮುಚ್ಚಿದೆ. ನ್ಯಾಯಾಧೀಶನ ಗಾಂಭೀರ್ಯದಿಂದ ಉಸಿರೆಳೆದೆ.

“ಬರೀ ಕೈ.”

ಸುತ್ತಲಿದ್ದವರು ನಕ್ಕರು. ಕಣ್ಣು ಬಿಟ್ಟರೆ ಅಂಗೈಯಲ್ಲಿ ಇಂಗಿನ ಉಂಡೆ.

“ಜ್ವರ ಬಂದಿತ್ತೇನ್ರಿ? ನಮ್ಮತ್ತೆಗೂ ಹಿಂಗೇ ಆಗಿತ್ತು. ಆದ್ರೆ ಆಯಮ್ಮ ಸಂತೆಗೆ ಬಂದು ನ್ಯಾಯ ಹೇಳಲಿಲ್ಲ. ಈಗ ಹೋದೋರನ್ನ ನೀವೇ ಕರ್ಕೊಂಡ್ ಬರ್ರಿ. ನಾನು ಕರೆದ್ರೆ ಬರಾಕಿಲ್ಲ.”

ಸಂತೆಯ ಸಾಲು ಸಾಲು ತಿರುಗಿ, ಕೆಟ್ಟಿರುವುದು ತುಪ್ಪವಲ್ಲ, ನನ್ನ ಮೂಗು ಎಂದು ಸಾರಿದೆ. ಅರ್ಧ ಜನ ಹಿಂದಿರುಗಿದರು. ಉಳಿದರ್ಧ ನನ್ನಿಂದಲೇ ಅನುಮಾನ ಕಲಿತವರು.

“ಎಷ್ಟು ಸೇರು ತುಪ್ಪ ಕೊಟ್ಲು ನಿಮಗೆ?” ಎಂದು ಒಬ್ಬ ಕೇಳಿಯೇಬಿಟ್ಟ.

ಮಿಕ್ಕ ತುಪ್ಪವನ್ನು ಮೂಸದೆ ನಾನೇ ಕೊಂಡು ಮನೆಗೆ ತಂದೆ. ಹೆಂಡತಿ ಹನಿಯೊಂದನ್ನು ಮುಂಗೈಗೆ ತಿಕ್ಕಿ ಮೂಸಿ, ಒಳ್ಳೆಯ ತುಪ್ಪ ಎಂದಳು. ನಾನು ಅವಳ ಮೂಗನ್ನೇ ನೋಡುತ್ತ ನಿಂತೆ. ಜ್ವರ ಅವಳಿಗೂ ಬಂದು ಹೋಗಿತ್ತು.